ಅಪ್ಪನ ಐದು ಲೆಡ್ಜರುಗಳು: ಹಾಕಿಯ ಹಳೆಯ ಪೇಪರ್ ಕಟಿಂಗುಗಳನ್ನು ನಮ್ಮ ಮಳೆಯಲ್ಲಿ ಕಾಪಾಡುವುದು ಹೇಗೆ?

ಪ್ರಶ್ನೆ (ಸೋಮವಾರಪೇಟೆಯಿಂದ)

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರು ಸೋಮವಾರಪೇಟೆಯಲ್ಲಿ ಬಹಳ ವರ್ಷ ಪತ್ರಿಕಾ ಏಜೆಂಟರಾಗಿದ್ದರು. ಬೆಳಗಿನ ಬಸ್ಸಿನಲ್ಲಿ ಬಂದ ಕಟ್ಟುಗಳನ್ನು ಬಿಚ್ಚಿ, ಮನೆಮನೆಗೆ ಹಾಕುವ ಹುಡುಗರಿಗೆ ಎಣಿಸಿ ಕೊಟ್ಟು, ಮಿಕ್ಕ ಪ್ರತಿಗಳಲ್ಲಿ ಹಾಕಿಯ ಸುದ್ದಿ ಏನಾದರೂ ಇದ್ದರೆ ಅದನ್ನು ಬ್ಲೇಡಿನಿಂದ ಕತ್ತರಿಸಿ, ಮಧ್ಯಾಹ್ನದ ಊಟವಾದ ಮೇಲೆ ಹಳೆಯ ಲೆಡ್ಜರ್ ಪುಸ್ತಕದಲ್ಲಿ ಅಂಟಿಸುವುದು ಅವರಿಗೆ ಪೂಜೆಯಷ್ಟೇ ನಿಯಮದ ಕೆಲಸವಾಗಿತ್ತು. ಹೀಗೆ ತುಂಬಿದ ಐದು ಲೆಡ್ಜರುಗಳು ಈಗ ನನ್ನ ಬಳಿ ಇವೆ.

ಮೊದಲನೆಯದು 1972ರ ಮ್ಯೂನಿಕ್ ಒಲಿಂಪಿಕ್ಸ್‌ನಿಂದ ಶುರುವಾಗುತ್ತದೆ. ನಮ್ಮ ಊರಿನವರೇ ಆದ ಬಿ. ಪಿ. ಗೋವಿಂದ ಅವರೂ ಕೊಡಗಿನ ಎಂ. ಪಿ. ಗಣೇಶ್ ಅವರೂ ಕಂಚು ಗೆದ್ದ ಆ ತಂಡದಲ್ಲಿದ್ದರು. ಮರುವರ್ಷ ಗಣೇಶ್ ಅವರ ನಾಯಕತ್ವದಲ್ಲಿ ಆಮ್‌ಸ್ಟೆಲ್ವೀನ್‌ನ ವಿಶ್ವಕಪ್ಪಿನಲ್ಲಿ ಬಂದ ಬೆಳ್ಳಿ, 1975ರ ಮಾರ್ಚ್ 15ರಂದು ಕೌಲಾಲಂಪುರದಲ್ಲಿ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ಗೆದ್ದ ವಿಶ್ವಕಪ್, ಎಂ. ಎಂ. ಸೋಮಯ್ಯ ಅವರಿದ್ದ ತಂಡ 1980ರಲ್ಲಿ ಮಾಸ್ಕೋದಲ್ಲಿ ಸ್ಪೇನ್ ವಿರುದ್ಧ 4–3ರಿಂದ ಪಡೆದ ಚಿನ್ನ, ಎಲ್ಲವೂ ಒಂದಾದ ಮೇಲೊಂದರಂತೆ ಇವೆ. ಐದನೆಯ ಲೆಡ್ಜರಿನ ಕೊನೆಯ ತುಣುಕು 2014ರ ಇಂಚಾನ್ ಏಷ್ಯನ್ ಕ್ರೀಡಾಕೂಟದ ಚಿನ್ನದ್ದು. ನಮ್ಮ ಊರಿನ ಎಸ್. ವಿ. ಸುನಿಲ್ ಆ ತಂಡದಲ್ಲಿ ಆಡಿದ್ದರಿಂದ ಅಪ್ಪ ಅಂದು ಮೂರು ಪತ್ರಿಕೆಗಳ ವರದಿಗಳನ್ನು ಪಕ್ಕಪಕ್ಕ ಅಂಟಿಸಿದ್ದಾರೆ. ಪ್ರತಿ ತುಣುಕಿನ ಕೆಳಗೆ ಇಂಕ್ ಪೆನ್ನಿನಲ್ಲಿ ತಾರೀಖು ಮತ್ತು ಪತ್ರಿಕೆಯ ಹೆಸರು, ಕೆಲವೆಡೆ ಒಂದು ಸಾಲಿನ ತಮ್ಮದೇ ಮಾತು.

ಕಳೆದ ಮಳೆಗಾಲದಲ್ಲಿ, ಕಕ್ಕಡದ (ಜೋರು ಮಳೆಯ ಕೊಡವ ತಿಂಗಳು) ಹೊತ್ತಿಗೆ, ಲೆಡ್ಜರುಗಳಿದ್ದ ಗೋಡೆಯ ಅಲಮಾರಿಗೆ ತೇವ ಇಳಿದು ಎರಡು ಪುಸ್ತಕಗಳ ರಟ್ಟಿನ ಮೇಲೆ ಬೂಷ್ಟು ಬಂತು. ಒಳಗೆ 1970ರ ದಶಕದ ಕಾಗದ ಬೆಲ್ಲದ ಬಣ್ಣಕ್ಕೆ ತಿರುಗಿದೆ, ಮಡಿಕೆಯ ಜಾಗದಲ್ಲಿ ಮುಟ್ಟಿದರೆ ಮುರಿಯುತ್ತದೆ. ಅಪ್ಪ ಮೈದಾ ಅಂಟು ಕಾಯಿಸುವಾಗ ಹುಳು ಬಾರದಿರಲೆಂದು ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತಿದ್ದರು. ಮೆಣಸಿನ ಬಳ್ಳಿಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ತಂದದ್ದು ಮನೆಯಲ್ಲಿ ಇದ್ದೇ ಇರುತ್ತಿತ್ತು. ಅಂಥ ಕಡೆ ಈಗ ತೆಳು ಹಸಿರು ಕಲೆ ಕಾಣುತ್ತಿದೆ. ನಡುವೆ ಅಂಟಿಸದೆ ಉಳಿದ ಬಿಡಿ ತುಣುಕುಗಳೂ ನೂರಕ್ಕೆ ಕಡಿಮೆಯಿಲ್ಲ.

ನನ್ನ ಅಣ್ಣ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿದರೆ ಸಾಕು, ಹಾಳಾಗುವ ಕಾಗದವನ್ನು ಎಷ್ಟು ದಿನ ಕಾಯುತ್ತೀ ಎನ್ನುತ್ತಾರೆ. ತುಣುಕುಗಳನ್ನು ಬಿಡಿಸಿ ಒಂದೊಂದನ್ನೂ ಲ್ಯಾಮಿನೇಶನ್ ಮಾಡಿಸಿ ಹೊಸ ಆಲ್ಬಮ್‌ಗೆ ಹಾಕು ಎಂಬುದು ಅತ್ತಿಗೆಯ ಸಲಹೆ. ಅಪ್ಪ ಕಟ್ಟಿದ ಪುಸ್ತಕವನ್ನು ಒಡೆಯಲು ನನ್ನ ಕೈ ಬರುತ್ತಿಲ್ಲ, ಹಾಗೆಂದು ಕಣ್ಣೆದುರೇ ಪುಡಿಯಾಗುವುದನ್ನು ನೋಡುತ್ತ ಕೂರಲೂ ಆಗುವುದಿಲ್ಲ. ಈ ಕೆಲಸ ಮಾಡಿ ಅನುಭವವಿದ್ದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1 (ಮೈಸೂರು, ಗ್ರಂಥಾಲಯದ ಹಸ್ತಪ್ರತಿ ವಿಭಾಗದಲ್ಲಿ ಕೆಲಸ ಮಾಡಿದವರು)

ಮೇಡಂ, ಮೊದಲಿಗೆ ಒಂದು ವಿನಂತಿ. ಲ್ಯಾಮಿನೇಶನ್ ಮಾತ್ರ ಬೇಡ. ಬಿಸಿಯಿಂದ ಅಂಟಿಸಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಬರುವುದಿಲ್ಲ, ಕಾಗದದೊಳಗಿನ ಆಮ್ಲ ಅದರೊಳಗೇ ಉಳಿದು ತನ್ನ ಕೆಲಸವನ್ನು ಮುಂದುವರಿಸುತ್ತದೆ. ಹತ್ತಿಪ್ಪತ್ತು ವರ್ಷಗಳ ನಂತರ ಪ್ಲಾಸ್ಟಿಕ್ ಪದರ ಎದ್ದು ಬರುವಾಗ ಅಕ್ಷರಗಳನ್ನೂ ಕಿತ್ತುಕೊಂಡು ಬರುವುದನ್ನು ನಾನು ನೋಡಿದ್ದೇನೆ.

ಪತ್ರಿಕೆಯ ಕಾಗದವನ್ನು ಮರವನ್ನು ಅರೆದು ಮಾಡಿದ ತಿರುಳಿನಿಂದ ತಯಾರಿಸುತ್ತಾರೆ. ಪುಸ್ತಕಗಳ ಒಳ್ಳೆಯ ಕಾಗದದಲ್ಲಿ ತೆಗೆದುಹಾಕುವ ಲಿಗ್ನಿನ್ ಎಂಬ ಅಂಶ ಇದರಲ್ಲಿ ಹಾಗೆಯೇ ಉಳಿದಿರುತ್ತದೆ. ಬೆಳಕು ಮತ್ತು ಗಾಳಿಯ ಸಂಪರ್ಕದಲ್ಲಿ ಅದು ಹಳದಿಯಾಗಿ, ಆಮ್ಲವನ್ನು ಹುಟ್ಟಿಸಿ, ಕಾಗದದ ನಾರುಗಳನ್ನು ತುಂಡರಿಸುತ್ತ ಹೋಗುತ್ತದೆ. ತೇವ ಮತ್ತು ಬಿಸಿ ಹೆಚ್ಚಿದಷ್ಟೂ ಈ ಕ್ರಿಯೆ ಬೇಗ ನಡೆಯುತ್ತದೆ. ಹಾಗಾಗಿ ನಿಮ್ಮ ತಂದೆಯವರ ಸಂಗ್ರಹ ಹಳದಿಯಾಗಲು ಅವರ ಅಜಾಗರೂಕತೆ ಕಾರಣವಲ್ಲ, ಒಂದು ದಿನ ಓದಿ ಮಡಚಿಡಲೆಂದು ಮಾಡಿದ ಕಾಗದವನ್ನು ಅವರು ಐವತ್ತು ವರ್ಷ ಉಳಿಸಿದ್ದಾರೆ. ಮೈಲುತುತ್ತದ ವಿಚಾರವೂ ಹಾಗೆಯೇ. ಹಳೆಯ ಕಾಲದ ಬೈಂಡರುಗಳು ಹುಳು ತಡೆಯಲು ಅದನ್ನು ಅಂಟಿಗೆ ಹಾಕುತ್ತಿದ್ದರು, ಹುಳುವನ್ನು ಅದು ತಡೆಯುತ್ತದೆ ಕೂಡ. ಆದರೆ ತಾಮ್ರದ ಅಂಶ ಕಾಗದ ಸವೆಯುವುದನ್ನು ಚುರುಕುಗೊಳಿಸುತ್ತದೆ. ಹಸಿರು ಕಲೆ ಇರುವ ಪುಟಗಳನ್ನು ಮೊದಲು ಸ್ಕ್ಯಾನ್ ಮಾಡಿ.

ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಲೆಡ್ಜರನ್ನು ಒಣ ಕೋಣೆಯಲ್ಲಿ ಫ್ಯಾನಿನ ಗಾಳಿ ನೇರವಾಗಿ ಬೀಳದಂತೆ ನಿಲ್ಲಿಸಿ, ಹಾಳೆಗಳು ತುಸು ಬಿಚ್ಚಿಕೊಳ್ಳುವಂತೆ ಇರಿಸಿ, ಬೂಷ್ಟು ಪೂರ್ತಿ ಒಣಗಿ ಪುಡಿಯಾದ ಮೇಲೆ ಮೂಗಿಗೆ ಎನ್95 ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ನೆರಳಿನಲ್ಲಿ, ಮೆತ್ತನೆಯ ಬ್ರಷ್‌ನಿಂದ ನಿಮ್ಮಿಂದ ಆಚೆ ದಿಕ್ಕಿಗೆ ಗುಡಿಸಿ. ಕಾಫಿ ಒಣಗಿಸುವ ಕಣದಲ್ಲಿ ಬಿಸಿಲಿಗೆ ಹಾಕೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಬಿಸಿಲು ಲಿಗ್ನಿನ್‌ನ ಕೆಲಸವನ್ನು ಬೇಗ ಮುಗಿಸುತ್ತದೆ. ನಮ್ಮ ಕಡೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಏನೂ ಹಾಳಾಗುವುದಿಲ್ಲ ಎಂಬ ನಂಬಿಕೆ ಇದೆ. ಕಾಳಿನ ಮಟ್ಟಿಗೆ ಅದು ಸರಿ, ಆದರೆ ಹೊಗೆ ಕಾಗದಕ್ಕೆ ಒಳ್ಳೆಯದಲ್ಲ.

ಅಂಟಿಸಿದ ತುಣುಕುಗಳನ್ನು ಇದ್ದಲ್ಲೇ ಬಿಡಿ. ಎರಡು ಪುಟಗಳ ನಡುವೆ ಆಮ್ಲರಹಿತ ತೆಳು ಕಾಗದವನ್ನು ಸೇರಿಸಿದರೆ ಎದುರುಬದುರಾದ ತುಣುಕುಗಳು ಒಂದಕ್ಕೊಂದು ಕಲೆ ಹತ್ತಿಸುವುದು ನಿಲ್ಲುತ್ತದೆ. ಪ್ರತಿ ಹಾಳೆಗೂ ಹಾಕಿದರೆ ಪುಸ್ತಕ ಉಬ್ಬಿ ಬೆನ್ನು ಬಿರಿಯುವುದರಿಂದ, ಎಲ್ಲಿ ಕಲೆ ಇಳಿದಿದೆಯೋ ಅಲ್ಲಿ ಮಾತ್ರ ಹಾಕಿ. ಬಿಡಿ ತುಣುಕುಗಳನ್ನು ಪಾಲಿಯೆಸ್ಟರ್ ಹಾಳೆಯ ಲಕೋಟೆಗಳಲ್ಲಿ, ಹಿಂದೆ ಸುಣ್ಣದ ಅಂಶವಿರುವ ಆಮ್ಲರಹಿತ ಕಾಗದವನ್ನು ಆಧಾರವಾಗಿಟ್ಟು ಸೇರಿಸಬಹುದು. ಅಂಗಡಿಗಳಲ್ಲಿ ಸಿಗುವ, ವಾಸನೆ ಬರುವ ಪಿವಿಸಿ ಕವರುಗಳು ಬೇಡ. ಗುಂಡುಪಿನ್, ಸ್ಟೇಪಲ್, ಸೆಲ್ಲೋಟೇಪ್ ಯಾವುದೂ ಬೇಡ.

ಬಿಡಿ ತುಣುಕುಗಳಲ್ಲಿ ತಾರೀಖು ಇಲ್ಲದಿದ್ದರೆ ಅವುಗಳನ್ನು ತಿರುವಿ ನೋಡಿ. ಹಿಂಬದಿಯಲ್ಲಿರುವ ಅರ್ಧ ಜಾಹೀರಾತು, ಪೇಟೆ ಧಾರಣೆ, ಮಂತ್ರಿಯೊಬ್ಬರ ಭಾಷಣದ ನಾಲ್ಕು ಸಾಲು, ಇವೇ ಎಷ್ಟೋ ಸಲ ದಿನವನ್ನು ಹೇಳುತ್ತವೆ. ವರದಿಯ ಆರಂಭದಲ್ಲಿ ಊರಿನ ಹೆಸರಿನ ಜೊತೆ ಬರುವ ತಾರೀಖು ಪಂದ್ಯದ್ದು, ಪತ್ರಿಕೆ ಬಂದದ್ದು ಮರುದಿನ ಎಂಬುದನ್ನು ಮರೆಯಬೇಡಿ. ಮಾರ್ಚ್ 15ರ ಫೈನಲ್ ನಿಮ್ಮ ತಂದೆಯವರ ಕೈಗೆ 16ರಂದು ಬಂದಿರುತ್ತದೆ. ಹೀಗೆ ಪತ್ತೆ ಹಚ್ಚಿದ್ದನ್ನು ತುಣುಕಿನ ಮೇಲೆ ಬರೆಯದೆ, ಆಧಾರದ ಕಾಗದದ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ.

ಉತ್ತರ 2 (ಪೊನ್ನಂಪೇಟೆ, ನಿವೃತ್ತ ದೈಹಿಕ ಶಿಕ್ಷಕರು)

ತಂಗಿ, ನಿಮ್ಮ ತಂದೆಯವರಂಥ ಹಿರಿಯರು ಪ್ರತಿ ಊರಿನಲ್ಲೂ ಒಬ್ಬರಿದ್ದಿದ್ದರೆ ಎಂದು ಓದುವಾಗ ಅನ್ನಿಸಿತು. ಮೇಲಿನವರು ಕಾಗದದ ವಿಚಾರವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಕೇಳಬೇಕೆಂದಿರುವುದು ಬೇರೆ. ಆ ಲೆಡ್ಜರುಗಳಲ್ಲಿ ಒಲಿಂಪಿಕ್ಸ್, ವಿಶ್ವಕಪ್ಪುಗಳ ಹೊರತು ಮತ್ತೇನಿದೆ? ಮಡಿಕೇರಿಯ ‘ಶಕ್ತಿ’ ಪತ್ರಿಕೆಯ ತುಣುಕುಗಳಿವೆಯೇ? ಊರ ಪಂದ್ಯಾವಳಿಯ ಕರಪತ್ರ, ಶಾಲಾ ತಂಡದ ಗುಂಪು ಚಿತ್ರ, ಕೈಲ್‌ಪೋದ್ ಹಬ್ಬದ ಆಟೋಟಗಳ ವರದಿ, ಕೆಸರುಗದ್ದೆ ಓಟದ ಫಲಿತಾಂಶ ಇವೆಯೇ?

ಇದನ್ನು ಏಕೆ ಕೇಳುತ್ತಿದ್ದೇನೆಂದರೆ, ಕೌಲಾಲಂಪುರದ ಫೈನಲ್‌ನಲ್ಲಿ ಸುರ್ಜಿತ್ ಸಿಂಗ್ ಸಮ ಮಾಡಿದ್ದು, ಅಶೋಕ್ ಕುಮಾರ್ ಗೆಲುವಿನ ಗೋಲು ಹೊಡೆದದ್ದು ದೇಶದ ಹತ್ತಾರು ಗ್ರಂಥಾಲಯಗಳಲ್ಲಿ ಇದೆ, ನಿಮ್ಮ ಲೆಡ್ಜರ್ ಇಲ್ಲದಿದ್ದರೂ ಅದು ಅಳಿಯುವುದಿಲ್ಲ. ಆದರೆ ಜಿಲ್ಲಾ ಪುಟದ ಮೂಲೆಯಲ್ಲಿ ಎರಡು ಇಂಚು ಜಾಗದಲ್ಲಿ ಬಂದ ತಾಲ್ಲೂಕು ಮಟ್ಟದ ಪಂದ್ಯದ ಸುದ್ದಿ, ಅದರಲ್ಲಿ ಆಡಿದ ಹನ್ನೊಂದು ಹುಡುಗರ ಹೆಸರು, ಅದು ಮತ್ತೊಂದು ಕಡೆ ಉಳಿದಿದೆ ಎಂದು ಯಾರೂ ಭರವಸೆ ಕೊಡಲಾರರು. ದೊಡ್ಡ ಆಟಗಾರರೆಲ್ಲ ಮೊದಲು ಆ ಎರಡು ಇಂಚಿನ ಸುದ್ದಿಯಲ್ಲೇ ಇದ್ದವರು. ಅರ್ಜುನ್ ಹಾಲಪ್ಪ 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ಗೆ ಹೋದಾಗ ನಿಮ್ಮ ತಂದೆಯವರು ಅಂಟಿಸಿದ ದೊಡ್ಡ ಚಿತ್ರಕ್ಕಿಂತ, ಅದಕ್ಕೂ ವರ್ಷಗಳ ಹಿಂದೆ ನಿಮ್ಮ ಊರಿನ ಹುಡುಗರ ಬಗ್ಗೆ ಬಂದ ಚಿಕ್ಕ ವರದಿ ಏನಾದರೂ ಇದ್ದರೆ ನನ್ನ ಪಾಲಿಗೆ ಅದೇ ಹೆಚ್ಚಿನದು.

ಕೊಡವ ಕುಟುಂಬಗಳ ಹಾಕಿ ಹಬ್ಬವನ್ನೇ ನೋಡಿ. ಪಾಂಡಂಡ ಕುಟ್ಟಪ್ಪನವರ ಮುಂದಾಳುತನದಲ್ಲಿ 1997ರಲ್ಲಿ ಕರಡದಲ್ಲಿ 60 ಕುಟುಂಬಗಳ ತಂಡಗಳೊಂದಿಗೆ ಆರಂಭವಾದದ್ದು 2024ರಲ್ಲಿ ನಾಪೋಕ್ಲಿನಲ್ಲಿ ನಡೆಯುವಾಗ 360 ತಂಡಗಳಾಗಿ ಬೆಳೆದಿತ್ತು. ಪ್ರತಿ ವರ್ಷ ಒಂದೊಂದು ಕುಟುಂಬ ಮುಂದೆ ನಿಂತು ನಡೆಸುವುದರಿಂದ ಆಹ್ವಾನಪತ್ರ, ಪಂದ್ಯಗಳ ವೇಳಾಪಟ್ಟಿ, ಸ್ಮರಣ ಸಂಚಿಕೆ ಆಯಾ ಕುಟುಂಬದವರ ಮನೆಗಳಲ್ಲೇ ಉಳಿದುಬಿಡುತ್ತವೆ. ಅಜ್ಜ, ಮಗ, ಮೊಮ್ಮಗಳು ಒಂದೇ ತಂಡದಲ್ಲಿ ಆಡಿದ ಪಂದ್ಯದ ದಾಖಲೆ ಯಾವುದೋ ಐನ್‌ಮನೆಯ (ಕುಟುಂಬದ ಮೂಲಮನೆ) ಪೆಟ್ಟಿಗೆಯಲ್ಲಿ ಇರುತ್ತದೆ, ಪೆಟ್ಟಿಗೆಗೆ ಗೆದ್ದಲು ಹತ್ತಿದರೆ ಅಲ್ಲಿಗೆ ಮುಗಿಯಿತು. ಗೌಡ ಕುಟುಂಬಗಳ ಕ್ರಿಕೆಟ್ ಪಂದ್ಯಾವಳಿಯ ಕಾಗದಪತ್ರಗಳಿಗೂ ಇದೇ ಗತಿ.

ಆದ್ದರಿಂದ ನನ್ನ ಮಾತು ಇಷ್ಟು: ಕಾಗದವನ್ನು ರಕ್ಷಿಸುವ ಮೊದಲು ಹೆಸರುಗಳನ್ನು ರಕ್ಷಿಸಿ. ಲೆಡ್ಜರಿನ ಗುಂಪು ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು, ದೊಡ್ಡದಾಗಿ ಮುದ್ರಿಸಿಕೊಂಡು, ಆ ಕಾಲದಲ್ಲಿ ಆಡಿದ ಹಿರಿಯರ ಮನೆಗೆ ಹೋಗಿ ಕುಳಿತುಕೊಳ್ಳಿ. ಎಡದಿಂದ ಎರಡನೆಯವರು ಯಾರು, ಗೋಲ್‌ಕೀಪರ್ ಪ್ಯಾಡ್ ಯಾರಿಂದ ಸಾಲ ತಂದದ್ದು, ಅಂದು ಮಳೆ ಬಂದು ಪಂದ್ಯ ನಿಂತಿತ್ತೇ, ಎಲ್ಲವನ್ನೂ ಬರೆದುಕೊಳ್ಳಿ, ಅವರು ಒಪ್ಪಿದರೆ ಧ್ವನಿಯನ್ನೂ ಹಿಡಿದಿಟ್ಟುಕೊಳ್ಳಿ. ನಾನು ನನ್ನ ಶಾಲೆಯ ತಂಡಗಳ ಚಿತ್ರಗಳಿಗೆ ಈ ಕೆಲಸವನ್ನು ಮುಂದಿನ ವರ್ಷ ಮಾಡೋಣ ಎಂದು ಮುಂದಕ್ಕೆ ಹಾಕುತ್ತ ಬಂದೆ. ಹೇಳಬಲ್ಲವರು ಇಬ್ಬರು ಒಂದೇ ಮಳೆಗಾಲದಲ್ಲಿ ತೀರಿಕೊಂಡರು. ಒಂದು ಚಿತ್ರದಲ್ಲಿ ಇಂದಿಗೂ ನಾಲ್ವರಿಗೆ ಹೆಸರಿಲ್ಲ.

ಉತ್ತರ 3 (ಕುಶಾಲನಗರ)

ಅಕ್ಕ, ತುಣುಕುಗಳನ್ನು ಬಿಡಿಸುವ ವಿಚಾರದಲ್ಲಿ ನನಗಾದ ನಷ್ಟವನ್ನು ಹೇಳುತ್ತೇನೆ. ನನ್ನ ಅಣ್ಣನ ಬಳಿಯಲ್ಲಿ ಅಥ್ಲೆಟಿಕ್ಸ್‌ನ ಒಂದು ನೋಟ್ ಪುಸ್ತಕವಿತ್ತು. ಅಶ್ವಿನಿ ನಾಚಪ್ಪ ಅವರು ಓಡುತ್ತಿದ್ದ ಕಾಲದ ವರದಿಗಳೇ ಅದರಲ್ಲಿ ಹೆಚ್ಚು. ಮೈದಾ ಅಂಟಾದ್ದರಿಂದ ನೀರಿನಲ್ಲಿ ನೆನೆಸಿದರೆ ತಾನಾಗಿ ಬಿಡುತ್ತದೆ ಎಂದು ಓದಿ, ಹಾಳೆಗಳನ್ನು ತಟ್ಟೆಯ ನೀರಿನಲ್ಲಿ ಇಟ್ಟೆ. ತುಣುಕುಗಳು ನಿಜವಾಗಿಯೂ ಬಿಟ್ಟವು, ಪತ್ರಿಕೆಯ ಮುದ್ರಣದ ಮಸಿ ಎಣ್ಣೆಯದಾದ್ದರಿಂದ ಅದಕ್ಕೆ ಏನೂ ಆಗಲಿಲ್ಲ. ಆದರೆ ಅಣ್ಣ ಇಂಕ್ ಪೆನ್ನಿನಲ್ಲಿ ಬರೆದಿದ್ದ ತಾರೀಖುಗಳು, ಓಟದ ಸಮಯಗಳು, ಅಂಚಿನಲ್ಲಿ ಬರೆದಿದ್ದ ಒಂದೆರಡು ಮಾತುಗಳು ನೋಡನೋಡುತ್ತಿದ್ದಂತೆ ನೀಲಿ ನೀರಾಗಿ ಹೋದವು. ಈಗ ನನ್ನ ಬಳಿ ಸ್ವಚ್ಛವಾದ ಎಂಬತ್ತು ತುಣುಕುಗಳಿವೆ. ಯಾವುದು ಯಾವ ವರ್ಷದ್ದು ಎಂದು ಅರ್ಧದಷ್ಟಕ್ಕೆ ಗೊತ್ತಿಲ್ಲ, ಅಣ್ಣನ ಕೈಬರಹ ಒಂದಕ್ಷರವೂ ಉಳಿದಿಲ್ಲ. ನಿಮ್ಮ ತಂದೆಯವರೂ ಇಂಕ್ ಪೆನ್ನನ್ನೇ ಬಳಸಿದ್ದಾರೆ ಎಂದು ಓದಿದೊಡನೆ ಇದನ್ನು ಬರೆಯಬೇಕೆನಿಸಿತು. ಪುಸ್ತಕಕ್ಕೆ ಒಂದು ಹನಿ ನೀರೂ ತಾಗದಿರಲಿ.

ಇನ್ನೊಂದು ಮಾತು. ಈ ಕೆಲಸವನ್ನು ಜನವರಿಯಿಂದ ಮಾರ್ಚ್‌ನೊಳಗೆ ಇಟ್ಟುಕೊಳ್ಳಿ. ಆಗ ನಿಮ್ಮಲ್ಲೂ ಗಾಳಿ ಒಣಗಿರುತ್ತದೆ. ಮಳೆಗಾಲದಲ್ಲಿ ಕಾಗದವನ್ನು ಲಕೋಟೆಗೆ ಹಾಕಿ ಮುಚ್ಚಿದರೆ ಆ ತೇವವನ್ನೂ ಸೇರಿಸಿ ಮುಚ್ಚಿದಂತಾಗುತ್ತದೆ.

ಉತ್ತರ 1ರವರಿಂದ ಮತ್ತೆ

ಕುಶಾಲನಗರದವರು ಬರೆದದ್ದನ್ನು ದಯವಿಟ್ಟು ಎಲ್ಲರೂ ಗಮನಿಸಬೇಕು. ಮಿಲ್ಕ್ ಆಫ್ ಮೆಗ್ನೀಷಿಯಾವನ್ನು ಸೋಡಾ ನೀರಿನಲ್ಲಿ ಬೆರೆಸಿ ಒಂದು ರಾತ್ರಿ ಇಟ್ಟು, ಆ ದ್ರಾವಣದಲ್ಲಿ ಪತ್ರಿಕಾ ತುಣುಕನ್ನು ನೆನೆಸಿ ಆಮ್ಲವನ್ನು ಕಡಿಮೆ ಮಾಡುವ ಮನೆಮದ್ದು ಒಂದಿದೆ. ಅದು ಕೆಲಸ ಮಾಡುತ್ತದೆ, ಆದರೆ ಅಂಟಿಸದ, ಕೈಬರಹವಿಲ್ಲದ, ಇನ್ನೂ ಗಟ್ಟಿಯಾಗಿರುವ ಬಿಡಿ ತುಣುಕುಗಳಿಗೆ ಮಾತ್ರ. ಅದನ್ನೂ ಮೊದಲು ಬೇಡದ ಹಳೆಯ ಪತ್ರಿಕೆಯ ಮೇಲೆ ಪ್ರಯೋಗಿಸಿ ನೋಡಬೇಕು. ಮುಟ್ಟಿದರೆ ಮುರಿಯುವ 1970ರ ದಶಕದ ಕಾಗದ ಒದ್ದೆಯಾದ ಮೇಲೆ ಎತ್ತಲು ಬರುವುದಿಲ್ಲ.

ಸ್ಕ್ಯಾನ್ ಬಗ್ಗೆ ಹೇಳುವುದಾದರೆ, ಬಿಡಿ ತುಣುಕುಗಳನ್ನು ಮನೆಯ ಸಾಧಾರಣ ಸ್ಕ್ಯಾನರಿನಲ್ಲಿ 400 ಡಿಪಿಐನಲ್ಲಿ, ಬಣ್ಣದಲ್ಲಿಯೇ ಮಾಡಿ. ಕಪ್ಪುಬಿಳುಪಿನಲ್ಲಿ ಮಾಡಿದರೆ ಕಂದು ಕಾಗದ ಮತ್ತು ಮಸುಕು ಇಂಕು ಒಂದೇ ಆಗಿಬಿಡುತ್ತವೆ. ಲೆಡ್ಜರನ್ನು ಸ್ಕ್ಯಾನರಿನ ಮೇಲೆ ಕವುಚಿ ಒತ್ತಬಾರದು. ಎರಡು ಬದಿಗೂ ಮಡಚಿದ ಟವೆಲ್ ಇಟ್ಟು ಪುಸ್ತಕವನ್ನು ಅರ್ಧ ಮಾತ್ರ ತೆರೆದು, ಬಿಸಿಲು ಬೀಳದ ಕಿಟಕಿಯ ಬೆಳಕಿನಲ್ಲಿ ನೇರ ಮೇಲಿನಿಂದ ಚಿತ್ರ ತೆಗೆಯಿರಿ. ಮೊದಲು ಇಡೀ ಪುಟ, ನಂತರ ಪ್ರತಿ ತುಣುಕು ಬೇರೆಯಾಗಿ. ಯಾವ ವರದಿಯ ಪಕ್ಕದಲ್ಲಿ ಯಾವುದನ್ನು ಇಟ್ಟರು ಎಂಬುದು ನಿಮ್ಮ ತಂದೆಯವರ ತೀರ್ಮಾನ, ಅದು ಇಡೀ ಪುಟದ ಚಿತ್ರದಲ್ಲಿ ಮಾತ್ರ ಉಳಿಯುತ್ತದೆ. ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಪತ್ರಿಕೆ, ಲೆಡ್ಜರಿನ ಪುಟಸಂಖ್ಯೆ ಇರಲಿ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಜಿಲ್ಲೆಯಿಂದ ಹೊರಗಿರುವ ಸಂಬಂಧಿಕರಲ್ಲಿ ಇರಲಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಎಷ್ಟೋ ಮನೆಗಳು ಗುಡ್ಡ ಕುಸಿದು ಸಾಮಾನು ಸಮೇತ ಹೋದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಡುವ ಜಾಗ ಹೊರಗೋಡೆಗೆ ತಾಗಿರಬಾರದು, ನೆಲದಿಂದ ಒಂದಡಿಯಾದರೂ ಮೇಲಿರಬೇಕು. ಲೆಡ್ಜರುಗಳನ್ನು ನಿಲ್ಲಿಸದೆ ಮಲಗಿಸಿ, ಒಂದರ ಮೇಲೆ ಎರಡಕ್ಕಿಂತ ಹೆಚ್ಚು ಬೇಡ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಪೆಟ್ಟಿಗೆಯಲ್ಲಿ ಇಡುವುದಾದರೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ಒಣಗಿಸಬೇಕು, ಇಲ್ಲದಿದ್ದರೆ ಅವು ಇದ್ದೂ ಇಲ್ಲದಂತೆ. ನುಸಿಗುಳಿಗೆ ಹಾಕಬೇಡಿ. ಹುಳು ಬಿದ್ದಿರುವ ಅನುಮಾನವಿದ್ದರೆ ಪೂರ್ತಿ ಒಣಗಿದ ಪುಸ್ತಕವನ್ನು ಗಾಳಿಯಾಡದ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚದೆ ಬಿಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಪೊನ್ನಂಪೇಟೆಯ ಮಾಸ್ತರರ ಪ್ರಶ್ನೆ ನೋಡಿದ ಮೇಲೆ ನಿನ್ನೆ ಸಂಜೆ ಅಣ್ಣನೂ ನಾನೂ ಮೂರನೆಯ ಲೆಡ್ಜರನ್ನು ಟವೆಲ್ ಹಾಸಿ ನಿಧಾನವಾಗಿ ತೆರೆದೆವು. ಸಾರ್, ತಾವು ಊಹಿಸಿದಂತೆಯೇ ಇದೆ. ದೊಡ್ಡ ಪಂದ್ಯಗಳ ಪುಟಗಳ ನಡುವೆ ಹನ್ನೊಂದು ಪುಟಗಳಷ್ಟು ಊರ ಸುದ್ದಿಯೇ ಇದೆ. ‘ಶಕ್ತಿ’ಯ ತುಣುಕುಗಳು, ಗುಲಾಬಿ ಬಣ್ಣದ ಎರಡು ಕರಪತ್ರಗಳು, ನಮ್ಮ ಅಂಗಡಿಯಲ್ಲಿ ಪೇಪರ್ ಹಾಕುತ್ತಿದ್ದ ಹುಡುಗನೊಬ್ಬ ತಾಲ್ಲೂಕು ತಂಡಕ್ಕೆ ಆಯ್ಕೆಯಾದ ಮೂರು ಸಾಲಿನ ಸುದ್ದಿ. ಅದರ ಕೆಳಗೆ ಅಪ್ಪ ‘ನಾಳೆಯಿಂದ ಬೆಳಗಿನ ಲೈನಿಗೆ ಬೇರೆಯವರನ್ನು ನೋಡಬೇಕು, ಇವನು ಅಭ್ಯಾಸಕ್ಕೆ ಹೋಗಲಿ’ ಎಂದು ಬರೆದಿದ್ದಾರೆ. ಸ್ಕ್ಯಾನ್ ಮಾಡಿ ಬಿಟ್ಟುಬಿಡು ಎನ್ನುತ್ತಿದ್ದ ಅಣ್ಣ ಅದನ್ನು ಓದಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಾನೇ ಎದ್ದು ಹೋಗಿ ಅಲಮಾರಿಯಲ್ಲಿದ್ದ ಉಳಿದ ಪುಸ್ತಕಗಳನ್ನು ಒಳಕೋಣೆಯ ಮರದ ಮೇಜಿನ ಮೇಲೆ ತಂದು ಮಲಗಿಸಿದರು.

ತೀರ್ಮಾನ ಹೀಗಿದೆ. ಲೆಡ್ಜರುಗಳನ್ನು ಒಡೆಯುವುದಿಲ್ಲ, ನೀರು ತಾಗಿಸುವುದಿಲ್ಲ, ಲ್ಯಾಮಿನೇಶನ್ ಇಲ್ಲ. ಬೂಷ್ಟು ಬಂದ ಎರಡನ್ನು ಈಗಲೇ ಬೇರೆ ಇರಿಸಿದ್ದೇವೆ. ಜನವರಿಯಲ್ಲಿ ಕಾಫಿ ಕೊಯ್ಲಿನ ಗಡಿಬಿಡಿ ಇರುವುದರಿಂದ ಚಿತ್ರ ತೆಗೆಯುವ ಕೆಲಸ ಫೆಬ್ರವರಿಯಲ್ಲಿ, ಹಸಿರು ಕಲೆಯ ಪುಟಗಳಿಂದ ಆರಂಭ. ಊರ ತಂಡದ ಎರಡು ಗುಂಪು ಚಿತ್ರಗಳನ್ನು ಮಾತ್ರ ಇಂದೇ ಮೊಬೈಲಿನಲ್ಲಿ ತೆಗೆದು ಮುದ್ರಿಸಲು ಕೊಟ್ಟಿದ್ದೇನೆ, ಆ ತಂಡದಲ್ಲಿ ಆಡಿದ ಹಿರಿಯರೊಬ್ಬರು ಶಾಂತಳ್ಳಿಯ ಕಡೆ ಇದ್ದಾರೆಂದು ತಿಳಿದುಬಂದಿದ್ದು, ಭಾನುವಾರ ಹೋಗುತ್ತಿದ್ದೇವೆ.

ಐದನೆಯ ಲೆಡ್ಜರಿನ ಕೊನೆಯಲ್ಲಿ ಇಪ್ಪತ್ತೆರಡು ಖಾಲಿ ಹಾಳೆಗಳಿವೆ. ಹೈಸ್ಕೂಲಿನಲ್ಲಿ ಹಾಕಿ ಆಡುವ ಅಣ್ಣನ ಮಗಳು ತನ್ನ ತಂಡದ ಸುದ್ದಿಯನ್ನು ಅಲ್ಲಿಯೇ ಅಂಟಿಸುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅವಳಿಗೆ ಆಮ್ಲರಹಿತ ಕಾಗದದ ಹೊಸ ಪುಸ್ತಕವೊಂದನ್ನು ಹೊಲಿಸಿಕೊಟ್ಟು ಅದರ ಬೆನ್ನಿಗೆ ‘6’ ಎಂದು ಬರೆಯೋಣ ಎಂದು ನಾವಿಬ್ಬರೂ ಒಪ್ಪಿಸಿದ್ದೇವೆ. ಅಂಥ ಕಾಗದ ಮೈಸೂರಿನಲ್ಲಿ ಯಾವ ಬಗೆಯ ಅಂಗಡಿಯಲ್ಲಿ ಕೇಳಬೇಕು, ಅಂಟಿಗೆ ಮೈದಾದ ಬದಲು ಏನನ್ನು ಬಳಸಬೇಕು ಎಂಬುದನ್ನು ಉತ್ತರ 1ರವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1ರವರಿಂದ

ಕಲಾವಿದರಿಗೆ ಜಲವರ್ಣದ ಕಾಗದ ಮಾರುವ ಅಂಗಡಿಗಳಲ್ಲಿ ಕೇಳಿ, ಪೂರ್ತಿ ಹತ್ತಿಯ ಕಾಗದ, ಆಮ್ಲರಹಿತ ಎಂದು ಮುದ್ರಿಸಿರುವುದನ್ನೇ ಆರಿಸಿ. ಅಂಟಿಸಲೇಬೇಕೆಂದಿಲ್ಲ, ಚಿತ್ರಗಳ ಆಲ್ಬಮ್‌ಗೆ ಬಳಸುವ ಕಾಗದದ ಮೂಲೆಗಳು ಸಾಕು. ಅಂಟು ಬೇಕೇಬೇಕಾದರೆ ಗೋಧಿಯ ಶುದ್ಧ ಪಿಷ್ಟವನ್ನು ಕಾಯಿಸಿ ಮಾಡಿದ್ದು, ಏನೂ ಬೆರೆಸದೆ, ಅಂದಂದೇ ಮಾಡಿಕೊಂಡು, ತುಣುಕಿನ ಮೇಲಂಚಿಗೆ ಎರಡು ಚುಕ್ಕೆ ಮಾತ್ರ. ಆಗ ಹಿಂಬದಿಯನ್ನೂ ತಿರುವಿ ಓದಬಹುದು. ತಾರೀಖನ್ನು ಪೆನ್ಸಿಲಿನಲ್ಲಿ ಬರೆಯಲು ಆ ಹುಡುಗಿಗೆ ಹೇಳಿ.